ಷರಾ ಕಾಲಂ ಸಮೇತ

ನಾನು ಎಸ್ಸೆಸ್ಸೆಲ್ಸಿ ಪಾಸು. ಕಂಪ್ಯೂಟರ್ ಕಲಿಯಲು ಅಷ್ಟು ಸಾಕು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ನಂಬಿಕೆ ಸುಳ್ಳಾಗಲಿಲ್ಲ. ಕಂಪ್ಯೂಟರನ್ನು ಕಲಿತೆ. ಕಲಿಯದೆ ಬಿಟ್ಟದ್ದು ಬೇರೆ.

ಜೆ.ಪಿ. ನಗರದ ಕೊನೆಯ ಹಂತಗಳಲ್ಲಿ, ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡ ಹಳೆಯ ಊರು ನಮ್ಮದು. ಸುತ್ತಮುತ್ತಲಿನ ನಮ್ಮ ಜನರಲ್ಲಿ ಮದುವೆಗೆ ಬಂದ ಗಂಡು ಹೆಣ್ಣುಗಳ ಪಟ್ಟಿ ಇಪ್ಪತ್ತು ವರ್ಷದಿಂದ ನನ್ನ ಬಳಿ ಇದೆ. ಒಂದು ಉದ್ದನೆಯ ನೋಟ್‌ಬುಕ್ಕು. ಹೆಸರು, ತಂದೆ, ಬೆಡಗು, ನಕ್ಷತ್ರ, ಓದು, ಫೋನು. ಕೊನೆಗೆ ಪೆನ್ಸಿಲಿನಲ್ಲಿ ಒಂದು ಷರಾ. ಷರಾ ನನ್ನ ನೆನಪಿಗೆ ಮಾತ್ರ. 'ಫೋಟೊ ಹಳೆಯದು.' 'ಎತ್ತರ, ಬರೆಸಿದ್ದಕ್ಕಿಂತ ಎರಡಿಂಚು ಕಮ್ಮಿ.' 'ಹುಡುಗ ಬಂಗಾರ. ತಾಯಿ ಬಾಯಿ ಬಿಟ್ಟರೆ ಎದುರಿಗಿದ್ದವರು ಮುಚ್ಚಿಕೊಳ್ಳಬೇಕು.' ಇದೆಲ್ಲ ನಾನು ಕಂಡದ್ದು, ಇಲ್ಲವೇ ಜನ ನನ್ನನ್ನು ನಂಬಿ ಹೇಳಿದ್ದು.

ನೋಟ್‌ಬುಕ್ಕಿನ ಹಾಳೆಗಳು ಕಿತ್ತು ಬರತೊಡಗಿದಾಗ, ಹಳೆಯ ಲ್ಯಾಪ್‌ಟಾಪಿನಲ್ಲಿ ಎರಡೇ ಬೆರಳಿನಿಂದ ಎರಡು ತಿಂಗಳು ಕುಟ್ಟಿ ಎಲ್ಲವನ್ನೂ ಏರಿಸಿದೆ. ಷರಾವನ್ನೂ ಬಿಡಲಿಲ್ಲ. ಕೆಲಸ ಎಂದ ಮೇಲೆ ಪೂರ್ತಿ ಮಾಡಬೇಕು!

ಒಂದೇ ಬೆಡಗಿನವರು ನಮ್ಮಲ್ಲಿ ಅಣ್ಣತಂಗಿಯ ಲೆಕ್ಕ. ಬೆಡಗು ಬೇರೆಯಾದರೆ 'ಆಗಬಹುದು' ಎಂದು ತೋರಿಸುವಂತೆ ಒಂದು ಸೂತ್ರ ಹಾಕಿದೆ. ಮೊದಲ ಜೋಡಿಯನ್ನು ಪ್ರಿಂಟ್ ಮಾಡಿಸಿ, ನಮ್ಮ ಬೀದಿಯ ಜಯಮ್ಮನಿಗೆ ಅವಳ ಮಗನ ಸಲುವಾಗಿ ಕೊಟ್ಟುಬಂದೆ. ಹತ್ತು ನಿಮಿಷದಲ್ಲಿ ಜಯಮ್ಮ ನಮ್ಮ ಬಾಗಿಲಲ್ಲಿದ್ದಳು.

"ಏನಣ್ಣ, ನನ್ ಮಗನಿಗೆ ನನ್ ತಂಗಿ ಮಗಳ್ನೇ ಹುಡ್ಕಿದೀಯಲ್ಲ? ಒಂದೇ ತೊಟ್ಲಲ್ಲಿ ಮಲ್ಗಿದ್ ಮಕ್ಕಳು ಕಣಣ್ಣ ಅವು. ನಿನ್ ಕಂಪ್ಯೂಟರ್‌ಗೆ ಅಕ್ಕತಂಗೀರಿಲ್ವಾ?"

ಇರಲಿಲ್ಲ. ಸೋದರಮಾವನ ಮಗಳಾದರೆ ಆಗುತ್ತದೆ, ಚಿಕ್ಕಮ್ಮನ ಮಗಳಾದರೆ ಆಗದು. ಆದರೆ ಇಪ್ಪತ್ತು ವರ್ಷದಲ್ಲಿ ತಾಯಿಯ ಹೆಸರು ಬರೆಯಲು ನಾನು ಜಾಗವನ್ನೇ ಬಿಟ್ಟಿರಲಿಲ್ಲ.

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಶಿವಲೀಲಾ ಹುಬ್ಬಳ್ಳಿ ಕಡೆಯವಳು, ಸಾಫ್ಟ್‌ವೇರ್ ಕೆಲಸ. ಅವಳನ್ನು ಕೇಳಿದೆ.

"ಅಂಕಲ್, ಇದಕ್ಕ ಡೇಟಾ ಮಾಡೆಲಿಂಗ್ ಅಂತಾರ್ರೀ. ನಮಗೂ ತಿಳೀಲಿಲ್ಲಂದ್ರ ಆನ್‌ಲೈನ್ ಕೇಳತೀವಿ, ಹೇಳೋ ಮಂದಿ ಇರ್ತಾರ. ರವಿವಾರ ಕೂತು ಮಾಡೂಣು. ಅಲ್ಲೀತನಕ ಏನೂ ಮುಟ್ಟಬ್ಯಾಡ್ರಿ."

ಇದು ಮಂಗಳವಾರದ ಮಾತು. ಬುಧವಾರ ಬೆಳಿಗ್ಗೆಯೇ ನಾನು ಆ ಮಂದಿ ಪ್ರಶ್ನೆಗಳಿಗೆ ಉತ್ತರ ಹೇಳುವ ಜಾಲತಾಣದಲ್ಲಿದ್ದೆ.

"ಗೊತ್ತಿಲ್ದೋರ್ ಹತ್ರ ಯಾರಾದ್ರೂ ಊರ್ ವಿಷಯ ಕೇಳ್ತಾರೇನ್ರೀ?" ಅಂದಳು ನನ್ನ ಹೆಂಡತಿ ಗೌರಮ್ಮ.

"ಗೊತ್ತಿರೋರ್ನ ಕೇಳಿದ್ರೆ ನಗ್ತಾರೆ ಕಣೇ."

ನನಗೆ ಬರುವ ಇಂಗ್ಲಿಷಿನಲ್ಲಿ, 'ಮಾನ್ಯರೇ, ನಾನಿಲ್ಲಿ ಕ್ಷೇಮ, ತಮ್ಮ ಕ್ಷೇಮವನ್ನು ಬಯಸುತ್ತೇನೆ' ಎಂದು ಆರಂಭಿಸಿ ಸವಿವರವಾಗಿ ಬರೆದೆ. ಅರ್ಧ ಗಂಟೆಯಲ್ಲಿ ಯಾರೋ ನನ್ನ 'ಮಾನ್ಯರೇ'ಯನ್ನೂ ಕ್ಷೇಮವನ್ನೂ ಅಳಿಸಿಹಾಕಿದ್ದರು. ಇನ್ನೊಬ್ಬರು, ನೀವಾಗಿ ಏನು ಪ್ರಯತ್ನ ಮಾಡಿದಿರಿ ಎಂದು ಕೇಳಿದರು. ಎರಡು ತಿಂಗಳು ಕುಟ್ಟಿದ್ದನ್ನು ಬರೆದೆ. ಮೂರನೆಯವರು ಮಾತ್ರ ಮರ್ಯಾದಸ್ಥರು. ಮಾದರಿಗೆ ನಾಲ್ಕು ಸಾಲು ತೋರಿಸಿ ಎಂದರು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು. ನಾನು ಪಾತ್ರೆಯನ್ನೇ ಮಗುಚಿದೆ. ಯಾರು ಬೇಕಾದರೂ ತೆರೆಯಬಹುದಾದ ಲಿಂಕ್ ಮಾಡಿ ಇಡೀ ಪಟ್ಟಿಯನ್ನು ಹಾಕಿದೆ. ಮುನ್ನೂರು ಚಿಲ್ಲರೆ ಸಾಲು. ಷರಾ ಕಾಲಂ ಸಮೇತ.

ಗುರುವಾರ ಬೆಳಿಗ್ಗೆ ಉತ್ತರ ಬಂದಿತ್ತು. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡಿ; ತಂದೆತಾಯಿಗೂ ಅವರದೇ ಸಾಲು ಕೊಡಿ; ಮಕ್ಕಳ ಸಾಲಿನಲ್ಲಿ ಇಬ್ಬರ ಸಂಖ್ಯೆಯನ್ನೂ ಬರೆಯಿರಿ. ಆಗ ಯಾರ ತಾಯಿ ಯಾರ ತಂಗಿ ಎಂಬುದು ತಾನಾಗಿ ತಿಳಿಯುತ್ತದೆ. ಎಂಥ ಸರಳ! ಅದರ ಕೆಳಗೆ ಇನ್ನೊಬ್ಬರು ಬರೆದಿದ್ದರು: ಇದರಲ್ಲಿ ವೈಯಕ್ತಿಕ ಮಾಹಿತಿ ಇದೆ, ದಯವಿಟ್ಟು ತೆಗೆಯಿರಿ. ಪಟ್ಟಿ ನನ್ನದು, ಆದ್ದರಿಂದ ಮಾಹಿತಿಯೂ ನನ್ನದು ಎಂದುಕೊಂಡೆ. 'ಚಿಂತೆ ಬೇಡ, ನನಗೇನೂ ಮುಜುಗರವಿಲ್ಲ' ಎಂದು ಧಾರಾಳವಾಗಿ ಉತ್ತರಿಸಿದೆ.

ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ನಮ್ಮ ಜನರ ವಾಟ್ಸಾಪ್ ಗುಂಪಿಗೆ ಆ ಪುಟವನ್ನೇ ಕಳಿಸಿದೆ. 'ನಮ್ಮ ಪಟ್ಟಿಯನ್ನು ದೇಶವಿದೇಶದ ತಜ್ಞರು ಚರ್ಚಿಸುತ್ತಿದ್ದಾರೆ. ಸರ್ವರೂ ನೋಡಿ ಆನಂದಿಸಬೇಕಾಗಿ ವಿನಂತಿ.'

ಸರ್ವರೂ ನೋಡಿದರು.

ಮೊದಲ ಫೋನು ಎರಡಿಂಚಿನವನದು. "ಅಂಕಲ್, ಮನೇಲಿದೀರಾ? ಟೇಪ್ ತಗೊಂಡ್ ಬರ್ತೀನಿ, ಅಳೀರಿ." ಎರಡನೆಯದು ಜಯಮ್ಮನದು. "ನಾನೀಗ ಬಾಯ್ ಬಿಡ್ತೀನಿ ಕಣಣ್ಣ. ನೀನು ಮುಚ್ಕೊಂಡ್ ಕೇಳು." ಕೇಳಿದೆ. ಮುಕ್ಕಾಲು ಗಂಟೆ.

ಇಲ್ಲಿಯವರೆಗಿನದನ್ನು ನೆನೆದು ನಾನೂ ನಗಬಲ್ಲೆ. ಫೋನ್ ಮಾಡದವನು ಒಬ್ಬನಿದ್ದ. ನಂಜುಂಡಪ್ಪ, ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಅವನ ಮಗಳು ಸುಧಾಗೆ ಅಂಜನಾಪುರದ ಹುಡುಗ ಗೊತ್ತಾಗಿದ್ದ. ಭಾನುವಾರ ನಿಶ್ಚಿತಾರ್ಥ. 'ನಿನ್ ಹೊಟ್ಟೇಲಿಟ್ಕೋ' ಎಂದು ಅವನು ಹೇಳಿದ್ದ ಒಂದು ಮಾತು ನನ್ನ ಷರಾದಲ್ಲಿ ಹೀಗಿತ್ತು: 'ಚಿಕ್ಕಂದಿನಲ್ಲಿ ಎರಡು ಸಲ ಫಿಟ್ಸ್. ಈಗಿಲ್ಲ. ಗಂಡಿನ ಕಡೆಗೆ ಹೇಳಿಲ್ಲ.'

ಗಂಡಿನ ಕಡೆಯವರೂ ಆ ಗುಂಪಿನಲ್ಲಿದ್ದರು. ಸಂಜೆಯ ಹೊತ್ತಿಗೆ ಅಂಜನಾಪುರದಿಂದ ನಂಜುಂಡಪ್ಪನಿಗೆ ಮಾತು ಬಂತು. ಮುಚ್ಚಿಟ್ಟು ಹೆಣ್ಣು ಕೊಡುವವರ ಮನೆ ನಮಗೆ ಬೇಡ.

ಶಿವಲೀಲಾ ಕೆಲಸದಿಂದ ಬಂದವಳೇ ಲಿಂಕನ್ನು ಮುಚ್ಚಿದಳು. "ಮುಟ್ಟಬ್ಯಾಡ್ರಿ ಅಂದಿದ್ದೆ, ಅಂಕಲ್." ಅಷ್ಟೇ ಹೇಳಿದ್ದು.

ಶನಿವಾರ ಸುಧಾ ಬಂದಳು. ಕೂರು ಎಂದರೂ ಕೂರಲಿಲ್ಲ.

"ನನ್ ಸಾಲು ಅಳ್ಸಿ ಅಂಕಲ್. ನನ್ ಎದುರಿಗೇ."

"ನಾನೇ ಅಂಜನಾಪುರಕ್ಕೆ ಹೋಗಿ, ತಪ್ಪು ನನ್ದು ಅಂತ ಕಾಲಿಗ್ ಬೀಳ್ತೀನಮ್ಮ."

"ಬೇಡ ಅಂಕಲ್. ನೀವು ಹೇಳಿದ್ದು ಸಾಕು." ಲ್ಯಾಪ್‌ಟಾಪಿನ ಕಡೆ ನೋಡುತ್ತಲೇ ಅಂದಳು, "ಶುಕ್ರವಾರ ಅವ್ರನ್ನ ಕಾಫಿಗ್ ಕರ್ದಿದ್ದೆ. ನಾನೇ ಹೇಳ್ಬೇಕು ಅಂತ. ಎಲ್ಲಿಂದ ಶುರು ಮಾಡ್ಲಿ ಅಂತ ಎರಡ್ ದಿನ ಕನ್ನಡಿ ಮುಂದೆ ನಿಂತ್ಕೊಂಡಿದ್ದೆ. ನೀವು ಒಂದಿನ ಮುಂಚೆ ಹೇಳ್ಬಿಟ್ರಿ."

"ಹುಡುಗ ಏನಂದ?"

"ಫಿಟ್ಸ್ ಆದ್ರೆ ಏನಂತೆ. ಊರೋರೆಲ್ಲ ಓದಿದ್ಮೇಲೆ ತನಗ್ ಗೊತ್ತಾಯ್ತಲ್ಲ, ಅದಾಗಲ್ವಂತೆ."

ಅವಳ ಸಾಲನ್ನು ಅಳಿಸಿದೆ. ಕೆಳಗಿನ ಸಾಲುಗಳೆಲ್ಲ ಒಂದೊಂದು ಮೆಟ್ಟಿಲು ಮೇಲೆ ಬಂದು ಕೂತವು, ಅಲ್ಲಿ ಯಾರೂ ಇರಲೇ ಇಲ್ಲವೆಂಬಂತೆ. ಸುಧಾ ನೋಡಿಕೊಂಡು ಹೊರಟುಹೋದಳು.

ಸೋಮವಾರ ಆ ತಾಣದಿಂದ ನನಗೊಂದು ಪತ್ರ ಬಂತು. ನನ್ನ ಪ್ರಶ್ನೆಯನ್ನು ಬಹಳ ಜನ ನೋಡಿದ್ದರಿಂದ 'ಜನಪ್ರಿಯ ಪ್ರಶ್ನೆ' ಎಂಬ ಪದಕ ಕೊಡಲಾಗಿದೆ, ಅಭಿನಂದನೆಗಳು. ಆ ಬಹಳ ಜನ ಯಾರೆಂದು ನನಗೆ ಗೊತ್ತಿತ್ತು. ಹೆಚ್ಚಿನವರು ನಮ್ಮ ಬೀದಿಯವರೇ.

"ಏನಂತೆ?" ಗೌರಮ್ಮ ಅವರೆಕಾಯಿ ಬಿಡಿಸುತ್ತಿದ್ದವಳು ತಲೆ ಎತ್ತದೆ ಕೇಳಿದಳು.

"ಪದಕ ಕೊಟ್ಟವ್ರೆ."

"ಹೋಗಿ ನಂಜುಂಡಣ್ಣನ ಮನೇಲಿ ತೋರ್ಸಿ ಬನ್ನಿ."

ನಂಜುಂಡಪ್ಪನ ಮನೆ ನಮ್ಮಿಂದ ನಾಲ್ಕನೆಯದು. ಈಗ ಹಾಲು ತರಲು ನಾನು ಹಿಂದಿನ ರಸ್ತೆಯಲ್ಲಿ ಸುತ್ತು ಹಾಕಿಕೊಂಡು ಹೋಗುತ್ತೇನೆ. ಆ ತಜ್ಞರು ಹೇಳಿದಂತೆ ಪಟ್ಟಿಯನ್ನು ಸರಿಮಾಡಿದ್ದೇನೆ. ತಾಯಂದಿರೆಲ್ಲರಿಗೂ ಒಂದೊಂದು ಸಾಲು ಕೊಟ್ಟಿದ್ದೇನೆ. ಷರಾ ಕಾಲಂ ತೆಗೆದಿದ್ದೇನೆ. ಸೂತ್ರ ಈಗ ಒಂದು ತಪ್ಪನ್ನೂ ಮಾಡುವುದಿಲ್ಲ. ಹೆಸರು ಬರೆಸಲು ಯಾರೂ ಬರುವುದಿಲ್ಲ.