ಆಪರೇಷನ್ ದಿನದ ಕವಳ

ಧೈರ್ಯದ ವಿಷಯದಲ್ಲಿ ನಮ್ಮೂರು ಪಂಜದಲ್ಲಿ ನನ್ನಷ್ಟು ಗಟ್ಟಿಗ ಇನ್ನೊಬ್ಬನಿಲ್ಲ ಎಂದೇ ನಾನು ನಂಬಿದ್ದೆ. ಕಲ್ಲು ತುಂಬಿದ ಪಿತ್ತಕೋಶ ತೆಗೆಸಲು ಪುತ್ತೂರಿನ ಆಸ್ಪತ್ರೆಗೆ ನಗುತ್ತಲೇ ಸೇರಿದೆ. ಹೊಟ್ಟೆನೋವು ನನ್ನನ್ನು ಹಿಂಡಿ ಹಾಕಿತ್ತು. ಆಪರೇಷನ್ ಮಾಡುವ ಡಾಕ್ಟರು ಮಂಗಳೂರಿನಿಂದ ವಾರಕ್ಕೊಮ್ಮೆ ಬರುವವರು. ಆ ದಿನ ತಪ್ಪಿದರೆ ಇನ್ನೊಂದು ವಾರ ಗಂಜಿ ಮತ್ತು ನರಳಾಟ!

ಬೆಳಿಗ್ಗೆ ಅರಿವಳಿಕೆಯ ಡಾಕ್ಟರು ಬಂದರು. "ನೀರು ಕೂಡ ಕುಡಿಯಬಾರದು. ಪ್ರಜ್ಞೆ ಇಲ್ಲದಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ ಉಂಟು," ಎಂದು ಹೇಳಿ ಹೋದರು. ಅವರ ಹಿಂದೆಯೇ ನನ್ನ ಧೈರ್ಯವೂ ಹೋಯಿತು! ಆ ಮಗ್ಗುಲಾದೆ, ಈ ಮಗ್ಗುಲಾದೆ. ಎಚ್ಚರವೇ ಆಗದಿದ್ದರೆ?

"ಎಂತ ಒದ್ದಾಡುದು ಮಾರಾಯ್ರೆ? ಸುಮ್ನೆ ಮಲಗಿ," ಎಂದು ಗದರಿ ಹೆಂಡತಿ ಸರೋಜ ಮದ್ದು ತರಲು ಕೆಳಗಿಳಿದಳು.

ನಮ್ಮ ಕಡೆ ಎಲೆಯಡಿಕೆಯನ್ನು ಯಾರೂ ಆಹಾರವೆಂದು ಲೆಕ್ಕ ಹಿಡಿಯುವುದಿಲ್ಲ. ಉಪವಾಸದ ದಿನವೂ ನನ್ನ ಅತ್ತೆಯ ಬಾಯಿ ಕೆಂಪಗೇ ಇರುತ್ತದೆ. ರಸ ನುಂಗದಿದ್ದರೆ ಹೊಟ್ಟೆಗೆ ಹೋಗುವುದಾದರೂ ಏನು? ಹೀಗೆ ಶಾಸ್ತ್ರೋಕ್ತವಾಗಿ ತರ್ಕಿಸಿ, ದಿಂಬಿನಡಿಯ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ ಅಡಿಕೆ ಮಡಚಿ, ಭರ್ಜರಿ ಕವಳವೊಂದನ್ನು ಎಡಗೆನ್ನೆಗೆ ಒತ್ತಿದೆ. ಜೀವ ತಂಪಾಯಿತು.

ಅಷ್ಟರಲ್ಲೇ ನನ್ನನ್ನು ಥಿಯೇಟರಿಗೆ ಒಯ್ಯಲು ನರ್ಸ್ ತಳ್ಳುಗಾಡಿ ತಂದಳು!

"ನಿಮ್ಮ ಹೆಸರೆಂತ ಹೇಳಿ?"

"ಹ್ಞೂಂ," ಎಂದೆ. ಎದ್ದು ಉಗುಳಿ ಬರೋಣವೆಂದರೆ ಕೈಗೆ ಡ್ರಿಪ್. ನುಂಗಿದರೆ ಆಪರೇಷನ್ ಹೋಯಿತು. ಬಾಯಿ ಬಿಟ್ಟರೆ ಮಾನ ಹೋಯಿತು. ತುಟಿಯಂಚಿನಿಂದ ಕೆಂಪು ಹನಿಯೊಂದು ಜಾರಿತು.

"ಡಾಕ್ಟ್ರೇ, ರಕ್ತ!" ನರ್ಸ್ ಕಿರುಚಿದಳು.

ಓಡಿ ಬಂದ ಡ್ಯೂಟಿ ಡಾಕ್ಟರು ಬಾಯಿ ತೆರೆಯಲು ಹೇಳಿದರು. ಆಗುವುದಿಲ್ಲ ಎಂದು ತಲೆಯಾಡಿಸಿದೆ. "ಮಾತು ನಿಂತಿದೆ. ಮುಖ ಒಂದು ಬದಿಗೆ ಉಬ್ಬಿದೆ. ಸ್ಟ್ರೋಕೋ ಏನೋ! ತಕ್ಷಣ ತಲೆಯ ಸ್ಕ್ಯಾನ್ ಮಾಡಿಸಿ!"

ಗಾಡಿ ಓಡಿತು. ಮೆಟ್ಟಿಲು ಹತ್ತಿ ಬರುತ್ತಿದ್ದ ಸರೋಜ ಮದ್ದಿನ ಕಟ್ಟು ಬಿಸಾಡಿ ಬೆನ್ನಟ್ಟಿದಳು. "ಅಯ್ಯೋ ದೇವರೇ! ಒಂದು ಮಾತಾಡಿ ಮಾರಾಯ್ರೆ! ನಿಮ್ಗೆ ಎಂತಾದ್ರೂ ಆದ್ರೆ ನಾನೆಂತ ಮಾಡುದು?" ನನ್ನ ಮೇಲೆ ಅವಳಿಗೆ ಇಷ್ಟು ಪ್ರೀತಿ ಉಂಟೆಂದು ಗೊತ್ತೇ ಇರಲಿಲ್ಲ. ನನಗೂ ಅಳು ಬಂತು. ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಅವಳು ನನ್ನ ಮುಖದ ಮೇಲೆ ಬಗ್ಗಿದಳು. ಮೂಗರಳಿಸಿದಳು. ಅವಳ ಅಳು ನಿಂತಿತು.

"ಡಾಕ್ಟ್ರೇ, ರಕ್ತವೂ ಅಲ್ಲ, ಎಂತದೂ ಅಲ್ಲ. ಕವಳ!"

ಅಷ್ಟು ಹೊತ್ತಿಗೆ ಅರ್ಧ ರಸ ಹೊಟ್ಟೆ ಸೇರಿತ್ತು. ಆಪರೇಷನ್ ರದ್ದಾಯಿತು. ಮಂಗಳೂರಿನ ಡಾಕ್ಟರು ಕಾರು ಹತ್ತಿದರು. ವಾರವಿಡೀ ನೋವು ತಿಂದೆ, ನಡುನಡುವೆ ಸರೋಜಳ ಬೈಗುಳ.

ಮುಂದಿನ ವಾರ ಥಿಯೇಟರಿನ ಬಾಗಿಲಲ್ಲಿ ಅದೇ ನರ್ಸ್ ಅಡ್ಡ ನಿಂತಳು. "ಎಲ್ಲಿ ಅಜ್ಜಾ, ಆ... ಮಾಡಿ ನೋಡುವ!" ನನಗಿನ್ನೂ ಐವತ್ತೆರಡು! ಸರೋಜ ಮೊಬೈಲಿನ ಟಾರ್ಚ್ ಹಿಡಿದಳು. ಈ ಸಲ ಜೊತೆಗೆ ಬಂದಿದ್ದ ಭಾವ, ನಾದಿನಿ ಎಲ್ಲರೂ ಇಣುಕಿದರು. ನಮ್ಮ ಸಂಸಾರದಲ್ಲಿ ಅವಳೆದುರು ನಾನು ಅಷ್ಟು ದೊಡ್ಡದಾಗಿ ಬಾಯಿ ತೆರೆದದ್ದು ಅದೇ ಮೊದಲು. ಅದೂ ಅವಳು ಹೇಳಿದ್ದಕ್ಕೆ!