ಐದು ಸೆಕೆಂಡು, ಮೂರು ಸಲ

ಮದುವೆಯಾಗಿ ಹದಿನೈದು ವರ್ಷಕ್ಕೆ ಮೊದಲ ಸಲ ಹೆಂಡತಿ ಅವನ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿದಳು. ಅವನು ಹಿಗ್ಗಿ ಹೀರೇಕಾಯಿಯಾಗಿ ಉತ್ತರ ಹೇಳಿದ. ಮಿಕ್ಕಿದ್ದೆಲ್ಲ ಅದರಿಂದಲೇ ಆಯಿತು.

"ಅಲ್ರೀ, ದಿನವಿಡೀ ಅಲ್ಲಿ ಏನ್ ಮಾಡ್ತೀರಿ ನೀವು?" ಎಂದಳು ಚಹಾ ಲೋಟ ಮುಂದಿಡುತ್ತ. ಅಂದು ಸಂಜೆ ಐದರ ಬಸ್ಸಿಗೆ ಇಬ್ಬರೂ ಹತ್ತು ದಿನಕ್ಕೆ ಸಮುದ್ರದ ಕಡೆ ಹೊರಟಿದ್ದರು. ಅವನ ಆಫೀಸಿನ ದೆಸೆಯಿಂದ ಎರಡು ಸಲ ಈ ಪ್ರಯಾಣ ನಿಂತಿತ್ತು. ಮೂರನೇ ಸಲ ಮಾತ್ರ ನಿಲ್ಲಿಸುವವಳಲ್ಲ ಎಂದು ಆಕೆ ಆಗಲೇ ಹೇಳಿಯಾಗಿತ್ತು.

"ಬೆಳಿಗ್ಗೆ ನಾನೂರು ಜನ ಪಾಸ್‌ವರ್ಡ್ ಹೊಡೀತಾರಲ್ಲ, 'ಇವ್ರು ನಮ್ಮೋರೇನಾ' ಅಂತ ನೆಟ್‌ವರ್ಕ್ ಒಂದು ಸರ್ವರನ್ನ ಕೇಳತ್ತೆ. ಐದು ಸೆಕೆಂಡು ಕಾಯತ್ತೆ. ಉತ್ತರ ಇಲ್ವಾ, ಮತ್ತೆ ಕೇಳತ್ತೆ. ಮೂರು ಸಲಕ್ಕೂ ಬಾಯಿ ಬಿಡ್ಲಿಲ್ವಾ, ಸತ್ತಿದೆ ಅಂತ ಬರ್ಕೊಂಡು ಎರಡನೇ ಸರ್ವರನ್ನ ಕೇಳತ್ತೆ. ಆಮೇಲೆ ಮೊದಲನೇದಕ್ಕೆ ಜೀವ ಬಂದ್ರೂ ಐದು ನಿಮಿಷ ಅದರ ಕಡೆ ತಿರುಗಿಯೂ ನೋಡಲ್ಲ. ಒಳಗೆ ಬಂದೋರು ಇನ್ನೂ ಇದ್ದಾರಾ ಅಂತ ಹನ್ನೆರಡು ನಿಮಿಷಕ್ಕೊಂದ್ಸಲ ಮೂರನೇ ಸರ್ವರಿಗೆ ವರದಿ ಹೋಗತ್ತೆ. ಈ ಸಮಯಗಳನ್ನ ಗೊತ್ತು ಮಾಡೋನು ನಾನೇ!"

ಕೆಲಸ ಬಿಟ್ಟು ಮೂರು ತಿಂಗಳಿಂದ ಅವರ ಮನೆಯಲ್ಲೇ ಠಿಕಾಣಿ ಹೂಡಿದ್ದ ಭಾವಮೈದುನ ಬ್ರೆಡ್ಡು ಅಗಿಯುತ್ತ ಕೇಳಿದ, "ಅಲ್ಲೀತನಕ ಆ ಎರಡನೇದು ಏನ್ಮಾಡತ್ತೆ ಭಾವ?"

"ಸುಮ್ನೆ ಕೂತಿರತ್ತೆ, ನಿನ್ನ ಹಾಗೆ."

"ಮೂರು ಸಲ," ಎಂದು ಹೆಂಡತಿ ತಲೆಯಾಡಿಸಿದಳು. "ಒಳ್ಳೆ ಪದ್ಧತಿ. ಮಧ್ಯಾಹ್ನ ಫೋನ್ ಮಾಡ್ತೀನಿ, ಎತ್ತಿ."

ಆಫೀಸಿನಲ್ಲಿ ಸಾಹೇಬರು ಬಾಗಿಲಲ್ಲೇ ಹಿಡಿದರು. "ಏನ್ರೀ ಇದು, ಪಾಸ್‌ವರ್ಡ್ ಹೊಡೆದ್ರೆ ಸುತ್ತುತ್ತಾನೇ ಇರತ್ತೆ? ಐದು ಸೆಕೆಂಡು ಯಾಕೆ ಕಾಯ್ಬೇಕು? ಒಂದು ಮಾಡಿ."

"ಸರ್, ಆ ಸರ್ವರಿಗೆ ಉತ್ತರ ಹೇಳೋಕೇ ಎರಡು ಸೆಕೆಂಡು ಬೇಕು."

"ರಜೆ ಚೀಟಿ ನನ್ನ ಮೇಜಿನ ಮೇಲಿದೆ. ಇನ್ನೂ ಸಹಿ ಹಾಕಿಲ್ಲ."

ಒಂದು ಮಾಡಿದ. ಒಂಬತ್ತೂವರೆಗೆ ಎಲ್ಲರೂ ಒಟ್ಟಿಗೆ ಪಾಸ್‌ವರ್ಡ್ ಹೊಡೆದರು. ಒಂದೊಂದು ಸೆಕೆಂಡಿನಂತೆ ಮೂರು ಸಲ ಕೇಳಿ, ಗಟ್ಟಿಮುಟ್ಟಾಗಿದ್ದ ಮೊದಲ ಸರ್ವರು ಸತ್ತಿದೆಯೆಂದು ನೆಟ್‌ವರ್ಕ್ ತೀರ್ಮಾನಿಸಿತು. ಹೊರೆಯೆಲ್ಲ ಬಿದ್ದದ್ದು ಮೂಲೆಯ ಹಳೆಯ ಎರಡನೇ ಸರ್ವರಿನ ಮೇಲೆ. ಅದು ನಿಜವಾಗಿಯೇ ಸತ್ತಿತು. ನಾನೂರು ಜನ ಕಾರಿಡಾರಿಗೆ ಬಂದು ನಿಂತರು, ಒಬ್ಬೊಬ್ಬರೂ ಒಂದೊಂದು ಸಲಹೆ ಹಿಡಿದುಕೊಂಡು.

"ಹತ್ತು ಸೆಕೆಂಡು ಮಾಡಿ ಸ್ವಾಮಿ, ನಿಧಾನಕ್ಕೆ ಉಸಿರಾಡ್ಲಿ," ಎಂದರು ಗುಮಾಸ್ತರು. ಗಾಬರಿಯಲ್ಲಿ ಅದನ್ನೂ ಮಾಡಿದ. ಈಗ ಕಾಯಲಾರದೆ ಪ್ರತಿಯೊಬ್ಬರೂ ಗುಂಡಿಯನ್ನು ಹತ್ತತ್ತು ಸಲ ಒತ್ತಿದರು. ಇನ್ನಷ್ಟು ಸಿಕ್ಕಾಯಿತು. ಹನ್ನೆರಡಕ್ಕೆ ಹೇಗೋ ಅರ್ಧ ಜನ ಒಳಹೊಕ್ಕರು ಅನ್ನುವಾಗ ಹಾಜರಾತಿ ಮೇಡಂ ಬಂದರು.

"ಹನ್ನೆರಡು ನಿಮಿಷಕ್ಕೊಂದು ವರದಿ ಸಾಲಲ್ಲಪ್ಪ. ಅಷ್ಟರಲ್ಲಿ ಜನ ಎರಡು ಸಲ ಚಹಾ ಕುಡಿದು ಬರ್ತಾರೆ. ನಿಮಿಷಕ್ಕೊಂದು ಮಾಡು. ಸಾಹೇಬರ ಹತ್ರ ನಿನ್ನ ರಜೆ ಮಾತು ನಾನಾಡ್ತೀನಿ."

ರಜೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಬೆರಳು ತಾನಾಗಿ ಓಡಿತು. ಒಂದು ಗಂಟೆಯ ಹೊತ್ತಿಗೆ ವರದಿಗಳ ರಾಶಿಯಲ್ಲಿ ಆ ಮೂರನೇ ಸರ್ವರೂ ಹೂತುಹೋಯಿತು. ಫೋನಂತೂ ಬಡಕೊಂಡೇ ಬಡಕೊಂಡಿತು. "ಬಂತಾ?" "ಯಾವಾಗ ಬರತ್ತೆ?" "ನಮ್ಮ ಮಹಡಿಗೆ ಮಾತ್ರ ಬಂದಿಲ್ವಾ?" ತಲೆ ಕೆಟ್ಟು ಅದರ ಬಾಯಿ ಮುಚ್ಚಿಸಿ ಡ್ರಾಯರಿಗೆ ಎಸೆದ.

ಮೂರೂವರೆಗೆ ಒಂದು ಉಪಾಯ ಹೊಳೆಯಿತು. ಯಾರಿಗೂ ಹೇಳದೆ ಬೆಳಗಿನ ಸಂಖ್ಯೆಗಳನ್ನೇ ಮತ್ತೆ ಬರೆದ. ಐದು, ಮೂರು, ಐದು, ಹನ್ನೆರಡು. ನೆಟ್‌ವರ್ಕ್ ಹಾಲು ಕುಡಿದ ಮಗುವಿನ ಹಾಗೆ ತಣ್ಣಗಾಯಿತು.

"ನೋಡಿದ್ರಾ? ನಾನು ಹೇಳಿದ ಹಾಗೆ ಮಾಡಿದ್ರಿ, ಸರಿಹೋಯ್ತು!" ಎಂದು ಸಾಹೇಬರು ಬೆನ್ನು ತಟ್ಟಿ ಸಹಿ ಹಾಕಿದರು. ಅವನು ಚೀಟಿ ಕಿಸೆಗಿಟ್ಟು, ಡ್ರಾಯರಿನಿಂದ ಫೋನು ಬಾಚಿಕೊಂಡು ಎದ್ದುಬಿದ್ದು ಓಡಿದ.

ಬಸ್ ನಿಲ್ದಾಣ ಮುಟ್ಟಿದಾಗ ಐದಕ್ಕೆ ಮೂರು ನಿಮಿಷ. ಗೆದ್ದೆ ಅಂದುಕೊಂಡ! ಬಸ್ಸಿನ ಕಿಟಕಿಯಲ್ಲಿ ಹೆಂಡತಿ ಕಂಡಳು. ಅವಳ ಪಕ್ಕದ ಅವನ ಸೀಟಿನಲ್ಲಿ, ಅವನದೇ ಹೊಸ ಟೋಪಿ ಹಾಕಿಕೊಂಡು ಭಾವಮೈದುನ ಕೂತಿದ್ದ.

"ಏಯ್, ಇಳಿಯೋ!"

"ಎರಡಕ್ಕೊಂದು ಸಲ, ಎರಡೂವರೆಗೊಂದು ಸಲ, ಮೂರಕ್ಕೊಂದು ಸಲ," ಎಂದಳು ಹೆಂಡತಿ ಬೆರಳು ಮಡಿಸುತ್ತ. "ಉತ್ತರ ಇಲ್ಲ. ಎರಡನೇದನ್ನ ಕೇಳಿದೆ. ಅದು ಸುಮ್ನೆ ಕೂತಿತ್ತು, ತಕ್ಷಣ ಹೂಂ ಅಂತು."

"ಈಗ ಬಂದಿದ್ದೀನಲ್ಲೇ!"

"ಜೀವ ಬಂದ್ರೂ ತಿರುಗಿ ನೋಡೋ ಹಾಗಿಲ್ಲ ಅಂತ ನೀವೇ ಹೇಳಿದ್ರಿ."

ಅವನು ಆಸೆಯಿಂದ ಗಡಿಯಾರ ನೋಡಿಕೊಂಡ. "ಅದು ಬರೀ ಐದು ನಿಮಿಷ ಕಣೇ! ಯಾವಾಗ್ಲೋ ಮುಗೀತು!"

"ನಾನು ಹತ್ತು ದಿನ ಇಟ್ಟಿದ್ದೀನಿ."

ಬಸ್ಸು ತುಂಬಿತ್ತು, ಬಾಗಿಲು ಮುಚ್ಚಿತು. ಭಾವಮೈದುನ ಟೋಪಿ ಎತ್ತಿ ಕೂಗಿದ, "ಯೋಚ್ನೆ ಮಾಡ್ಬೇಡಿ ಭಾವ, ವರದಿ ಕಳಿಸ್ತಾ ಇರ್ತೀನಿ!"

ಅವನು ಅಲ್ಲೇ ಬೆಂಚಿನ ಮೇಲೆ ಕುಸಿದ. ಹೆಂಡತಿಗೆ ಫೋನು ಮಾಡಿದ, ಮೂರು ಸಲ. ಎತ್ತಲಿಲ್ಲ. ಸರಿಯಾಗಿ ಹನ್ನೆರಡು ನಿಮಿಷಕ್ಕೆ ಅವನ ಫೋನು ಬೆಳಗಿತು. ಒಂದು ಫೋಟೋ: ಕಿಟಕಿಯ ಗಾಳಿಗೆ ಟೋಪಿ ಹಿಡಿದುಕೊಂಡು ಹಲ್ಲು ಕಿರಿಯುತ್ತಿರುವ ಭಾವಮೈದುನ. ಕೆಳಗೆ ಬರೆದಿದ್ದ: 'ಇನ್ನೂ ಇದ್ದೀವಿ.'