ಹನ್ನೊಂದು ವರ್ಷದ ಹೊಟ್ಟೆನೋವು

ಹೆಂಗಸಿಗೆ ಹೊಟ್ಟೆನೋವು ಅಂದರೆ ನಮ್ಮ ಕಡೆ ಮದ್ದು ಹೇಳದವರಿಲ್ಲ. ಎಲ್ಲಿ ನೋವು, ಯಾವಾಗ ನೋವು ಅಂತ ಕೇಳುವವರು ಮಾತ್ರ ಸಿಗುವುದಿಲ್ಲ. ತೊಂಬತ್ತಮೂರರಲ್ಲಿ ಮದುವೆಯಾಗಿ ನಂಜನಗೂಡಿಗೆ ಬಂದೆ. ತಿ. ನರಸೀಪುರದ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ಟೀಚರ್ ಆಗಿದ್ದೆ. ಮುಟ್ಟಾದ ಮೂರು ದಿನವೂ ಸೊಂಟ ಕಿತ್ತು ಹೋಗುವಂಥ ನೋವು. ಜೊತೆಗೆ ವಾಂತಿ, ಭೇದಿ.

ಹುಳದ ಮಾತ್ರೆ

ಊರಿನ ಡಾಕ್ಟರು ನಾಡಿ ಹಿಡಿದೇ ಹೇಳಿದರು, "ಹುಳ ಕಣಮ್ಮ." ನಾನು ಮುಟ್ಟಿನ ಮಾತೆತ್ತುವಷ್ಟರಲ್ಲಿ ಚೀಟಿ ಬರೆದಾಗಿತ್ತು. ಮುಂದಿನ ತಿಂಗಳು ಅಮೀಬಾ ಅಂದರು. ಆಮೇಲೆ ಒಂದಾದ ಮೇಲೊಂದು ಆಂಟಿಬಯಾಟಿಕ್. ಕೊನೆಗೆ, ಒಬ್ಬರಿಂದ ಒಬ್ಬರಿಗೆ ಹರಡುತ್ತೆ ಅಂತ ಮನೆಮಂದಿಗೆಲ್ಲ ಹುಳದ ಮಾತ್ರೆ ಕೊಟ್ಟರು.

ಅತ್ತೆ ನುಂಗಿ, ನೀರು ಕುಡಿದು ಅಂದರು, "ಸೊಸೆ ಬಂದ್ ಮ್ಯಾಲೆ ಮೊಮ್ಮಗು ಕಾಣ್ತೀನಿ ಅಂತಿದ್ದೆ. ಉಳದ ಮಾತ್ರೆ ಕಂಡೆ."

ನೀರಿನ ಟ್ಯಾಂಕು

ಶಾಲೆಗೆ ಹಾಕುವ ರಜಾ ಅರ್ಜಿಯಲ್ಲಿ ಮುಟ್ಟು ಅಂತ ಬರೆಯುವುದು ಹೇಗೆ? 'ವಾಂತಿ ಭೇದಿ' ಅಂತ ಬರೆಯುತ್ತಿದ್ದೆ. ನಾಲ್ಕನೇ ಅರ್ಜಿಗೆ ಹೆಡ್‌ಮಾಸ್ಟರು ಗಾಬರಿಯಾದರು. ಪಾಪ, ಒಳ್ಳೆಯ ಮನುಷ್ಯ. ಶಾಲೆಯ ಟ್ಯಾಂಕು ಉಜ್ಜಿಸಿ, ನೀರನ್ನು ಬಾಟಲಿಯಲ್ಲಿ ತುಂಬಿಸಿ ಪರೀಕ್ಷೆಗೆ ಕಳಿಸಿದರು. ಕ್ರಿಮಿ ಇಲ್ಲ ಅಂತ ರಿಪೋರ್ಟ್ ಬಂತು.

ಅದನ್ನು ಮಡಿಸಿಟ್ಟು ಮೆಲ್ಲಗೆ ಕೇಳಿದರು, "ಮೇಡಂ, ಬೇಜಾರು ಮಾಡ್ಕೋಬೇಡಿ. ಮನೇಲಿ ಅಡುಗೆ ಯಾರು ಮಾಡೋದು?"

ಕೋತಿ

ಎರಡು ಸಾವಿರದ ನಾಲ್ಕರಲ್ಲಿ ಶಾಲೆಯಲ್ಲೇ ಬಿದ್ದೆ. ಮೈಸೂರಿನಲ್ಲಿ ಒಬ್ಬ ಲೇಡಿ ಡಾಕ್ಟರು ಮೊದಲು ಕೇಳಿದ್ದೇ "ಮುಟ್ಟಿನ ದಿನವೇ ಬರುತ್ತಾ?" ಅಂತ. ನನಗೆ ಅಳು ಬಂತು. ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆದು ಕರುಳಿಗೆ ಅಂಟಿಕೊಂಡಿತ್ತು. ಆಪರೇಷನ್ ಮಾಡಿದರು. ನೋವು ಅರ್ಧಕ್ಕಿಳಿಯಿತು. ಮಗುವಿನ ಆಸೆ ಬಿಡಿ ಅಂದರು.

ಮತ್ತೆ ತೋರಿಸಲು ಹೋದಾಗ ಅತ್ತೆಯೂ ಬಂದಿದ್ದರು.

"ನಾನು ನುಂಗಿದ ಮಾತ್ರೆಗಳಿಂದ ಹೀಗಾಯ್ತಾ, ಡಾಕ್ಟ್ರೇ?" ಅಂತ ಕೇಳಿದೆ.

"ಹಾಗನ್ನೋಕಾಗಲ್ಲ. ನಮ್ಮ ಕರುಳಲ್ಲಿ ಒಳ್ಳೆ ಕ್ರಿಮಿಗಳೂ ಇರ್ತವೆ. ಆಂಟಿಬಯಾಟಿಕ್‌ನಿಂದ ಅವು ಏರುಪೇರಾಗೋದಕ್ಕೂ ಈ ಕಾಯಿಲೆಗೂ ನಂಟಿರಬಹುದು ಅಂತ ಕೆಲವರಿಗೆ ಅನುಮಾನ. ಪ್ರಯೋಗಕ್ಕೆ ಸಾಕಿದ ಕೋತಿಗಳಲ್ಲಿ ನೋಡಿದಾರೆ. ಮನುಷ್ಯರಲ್ಲಿ ಇನ್ನೂ ಗೊತ್ತಿಲ್ಲ."

ಅತ್ತೆ ಬಾಯಿಬಿಟ್ಟರು. "ಕೋತಿಗೂ ಈ ನೋವು ಬತ್ತದಾ?"

"ಬರುತ್ತೆ."

"ಅದು ಯಾರ್ ತಾವ ಏಳ್ಕತದೆ?"

"ಹೇಳಲ್ಲ ಅಮ್ಮ. ಊಟ ಬಿಟ್ಟು ಮೂಲೇಲಿ ಮುದುರಿ ಕೂತ್ಕೊಳುತ್ತೆ. ನೋಡ್ಕೊಳ್ಳೋರು ಗಮನಿಸ್ತಾರೆ."

ನಮ್ಮ ಮನೆಯ ಮೂಲೆಯಲ್ಲಿ ಹನ್ನೊಂದು ವರ್ಷ ನಾನು ಮುದುರಿ ಕೂತದ್ದನ್ನು ಅತ್ತೆ ನೋಡಿದ್ದರು; ಸೋಮಾರಿ ಅಂದಿದ್ದರು. ಬಸ್ ಹತ್ತಿ ಕೂತ ಮೇಲೆ ನನ್ನ ಕೈ ಹಿಡಿದುಕೊಂಡರು.

"ಆ ಕೋತಿ ಪುಣ್ಯ ಮಾಡಿತ್ತು ಕಣವ್ವ," ಅಂದರು. "ಅದಕ್ಕೆ ನನ್ನಂಥ ಅತ್ತೆ ಇರ್ನಿಲ್ಲ."